ನಿಂಬೆಹಣ್ಣು ಕಲ್ಮೇಶನ ಕೈಯಲ್ಲಿತ್ತು

ನವೆಂಬರ್ 2, ರವಿವಾರ

ಬಸವನ ಬಾಗೇವಾಡಿಯಿಂದ ಇಂಡಿಯವರೆಗೆ ನಿಂತೇ ಬಂದೆ, ಆದರೂ ದಣಿವಿಲ್ಲ. ನಮ್ಮ ಆಟದ ಹತ್ತನೆಯ ರವಿವಾರ ಮುಗಿಯಿತು. ನಾಲ್ಕು ಊರಿನ ನಾಲ್ಕು ಜನ ಒಂದು ಮೇಜಿನ ಸುತ್ತ ಕೂತು, ಯಾರ ಅಪ್ಪಣೆಗೂ ಕಾಯದೆ, ಬರೀ ಮಾತಿನಲ್ಲಿ ಒಂದು ಪಟ್ಟಣ ಕಟ್ಟುತ್ತಿದ್ದೇವೆ. ಜನ ಇದನ್ನು ಹುಡುಗಾಟ ಅನ್ನುತ್ತಾರೆ. ಅನ್ನಲಿ.

ಆಟ ನಡೆಸುವವಳು ನಾನು. ಪಟ್ಟಣದ ಬೀದಿ, ಹವೆ, ಕಳ್ಳರು, ದಾರಿಯಲ್ಲಿ ಎದುರಾಗುವ ಜನ, ಎಲ್ಲ ನನ್ನ ಬಾಯಿಂದ ಬರಬೇಕು. ಉಳಿದ ಮೂವರಿಗೆ ಒಂದೊಂದು ಪಾತ್ರ. ಮುದ್ದೇಬಿಹಾಳದ ಕಲ್ಮೇಶ ಕೋಟೆಯ ದಳಪತಿ. ಸಿಂದಗಿಯಲ್ಲಿ ಔಷಧ ಅಂಗಡಿಯ ಕೆಲಸಕ್ಕೆ ಹೋಗುವ ತರನ್ನುಮ ಮಂತ್ರಗಾರ್ತಿ. ಸುನಂದಾ ಟಪಾಲು ಒಯ್ಯುವ ಕುದುರೆ ಸವಾರಳು. ಬಾಗೇವಾಡಿಯಲ್ಲಿ ಅವಳ ಮನೆಯ ಮಾಳಿಗೆ ಕೋಣೆಯಲ್ಲೇ ನಾವು ಸೇರುವುದು.

ಇಂಥ ಆಟಗಳ ಇಂಗ್ಲಿಷ್ ಪುಸ್ತಕಗಳನ್ನು ಮೊಬೈಲಿನಲ್ಲಿ ಓದಿದ್ದೇನೆ. ಮಂತ್ರ ಹೇಳಲು ಎಷ್ಟು ಹೊತ್ತು, ನಡುವೆ ಯಾರು ತಡೆಯಬಹುದು, ಆ ತಡೆಯನ್ನು ಮತ್ತೆ ಯಾರು ತಡೆಯಬಹುದು ಎಂದು ಪುಟಗಟ್ಟಲೆ ವಕೀಲಿ. ಬಲ್ಲವನು ಗೆಲ್ಲುತ್ತಾನೆ, ಉಳಿದವರು ಬಾಯಿ ಮುಚ್ಚುತ್ತಾರೆ. ನಾನು ಅಷ್ಟನ್ನೂ ತೆಗೆದುಹಾಕಿ ಒಂದು ನಿಂಬೆಹಣ್ಣು ಇಟ್ಟೆ. ಮಂತ್ರ ಹೇಳುವವರು ಹಣ್ಣನ್ನು ಪಕ್ಕದವರಿಗೆ ಕೊಡಬೇಕು. ಅದು ಕೈಯಿಂದ ಕೈಗೆ ಸುತ್ತಿ ಮರಳಿ ಬಂದಾಗ ಮಂತ್ರದ ಒಂದು ಭಾಗ ಹೇಳಬಹುದು. ಸಣ್ಣ ಮಂತ್ರಕ್ಕೆ ಒಂದು ಸುತ್ತು, ದೊಡ್ಡದಕ್ಕೆ ಮೂರು. ಹಣ್ಣು ಹಿಡಿದವರಿಗಷ್ಟೇ ‘ತಡೆ’ ಎನ್ನುವ ಹಕ್ಕು. ಆದರೆ ತಡೆದವರು ತಾವು ಕಟ್ಟಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕಳೆದುಕೊಳ್ಳಬೇಕು. ಇನ್ನೊಬ್ಬರ ಮಾತು ಕಡಿಯುವುದು ಪುಕ್ಕಟೆ ಆಗಬಾರದು. ಇದು ಹನ್ನೆರಡನೆಯ ನಿಯಮ. ಹದಿಮೂರನೆಯದು: ಸುತ್ತು ಮುಗಿಯುವ ಮುಂಚೆ ಮಂತ್ರ ಹೇಳುವವರು ಮೇಜಿನಿಂದ ಎದ್ದರೆ ಮಂತ್ರ ಮುರಿಯುತ್ತದೆ, ಅದಕ್ಕೆ ಹಾಕಿದ ಶಕ್ತಿಯೂ ಹೋಗುತ್ತದೆ.

ನಿಂಬೆಹಣ್ಣೇ ಯಾಕೆಂದರೆ ನಮ್ಮವ್ವ ಇಂಡಿಯಲ್ಲಿ ನಿಂಬೆ ಆರಿಸುವ ಶೆಡ್ಡಿಗೆ ಹೋಗುತ್ತಾಳೆ. ಇನ್ನೊಂದು ಕಾರಣ, ದಾರಿಯಲ್ಲಿ ಬಿದ್ದ ನಿಂಬೆಹಣ್ಣು ಕಂಡರೆ ಸುತ್ತು ಹಾಕಿ ಹೋಗುವ ಜನರ ನಡುವೆ ಅದನ್ನು ಕೈಯಲ್ಲಿ ಹಿಡಿದು ನಗುವುದೂ ಒಂದು ಚಳವಳಿಯೇ. ಸುನಂದಾಳ ತಾಯಿ ಇಂದುಬಾಯಿ ಮೊದಲ ದಿನ ಬಾಗಿಲಲ್ಲೇ ನಿಂತು, ‘ಲಿಂಬಿಹಣ್ಣು ಇಟ್ಟು ಮಂತ್ರ ಹೇಳ್ತೀರಿ, ಮ್ಯಾಲ ನನಗ ಚಾನೂ ಕೇಳ್ತೀರಿ’ ಎಂದಿದ್ದರು. ಮೂಢನಂಬಿಕೆಯ ಬಗ್ಗೆ ಅವರಿಗೆ ಇಪ್ಪತ್ತು ನಿಮಿಷ ತಿಳಿಸಿ ಹೇಳಿದೆ. ಅರ್ಧಕ್ಕೇ ಕೆಳಗಿಳಿದು ಹೋದರು.

ಮುಂದಿನ ವಾರ ದೊಡ್ಡ ದಿನ. ಎರಡನೆಯ ವಾರ ದಳಪತಿ ಪಟ್ಟಣದ ಬಾವಿಯ ಬಾಯಿಗೆ ಚಪ್ಪಡಿ ಹಾಕಿಸಿದ್ದ. ಅದನ್ನು ತೆರೆಯುವ ಮೂರು ಸುತ್ತಿನ ಮಂತ್ರಕ್ಕೆ ತರನ್ನುಮ ಅಂದಿನಿಂದ ಶಕ್ತಿ ಕೂಡಿಡುತ್ತಿದ್ದಾಳೆ. ಹೊರಡುವಾಗ ಅವಳು, ‘ಹಣ್ಣು ಯಾರರ ಭಾಳ ಹೊತ್ತು...’ ಎಂದು ಏನೋ ಕೇಳಲು ಬಂದಳು. ಅವಳು ಮುಗಿಸುವಷ್ಟರಲ್ಲಿ ನಾನೇ ಹೇಳಿದೆ: ಹಿಡಿದವರ ಹಕ್ಕು, ನಿಯಮದಲ್ಲಿ ಸ್ಪಷ್ಟವಾಗಿದೆ. ಬಸ್ಸಿಗೆ ಹೊತ್ತಾಗಿತ್ತು, ಹೋದಳು.

ನಿಯಮ ಪುಸ್ತಿಕೆ ಈ ತಿಂಗಳೇ ಅಚ್ಚಾಗಬೇಕು. ನನ್ನನ್ನು ಬೆಳೆಸಿದ್ದೇ ಪುಸ್ತಿಕೆಗಳು. ಸಭೆ ನಡೆಸುವ ಬಗ್ಗೆ ಒಂದು, ಸಂವಿಧಾನದ ಬಗ್ಗೆ ಒಂದು, ರೈತರ ಸುಲಿಗೆಯ ಬಗ್ಗೆ ಒಂದು. ಮೂರನ್ನೂ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡು ಬಾಯಿಪಾಠ ಮಾಡಿದವಳು ನಾನು. ಈಗ ನನ್ನದೂ ಒಂದು ಬರುತ್ತದೆ.

ನವೆಂಬರ್ 9, ರವಿವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಮೊದಲ ಎರಡು ಸುತ್ತು ಸರಾಗ ಆದವು. ತರನ್ನುಮ ಎರಡು ಭಾಗ ಹೇಳಿದಳು. ಮೊದಲನೆಯದರಲ್ಲಿ ಕಲ್ಲನ್ನು ಕರೆದಳು, ಎರಡನೆಯದರಲ್ಲಿ ಹಗ್ಗವನ್ನು. ಮೂರನೆಯ ಸುತ್ತಿಗೆ ಹಣ್ಣು ಕೊಟ್ಟಾಗ ಮೂರು ನಲವತ್ತು. ಸುನಂದಾ ತಕ್ಷಣ ದಾಟಿಸಿದಳು. ಕಲ್ಮೇಶ ಹಿಡಿದ.

ಹಿಡಿದು ಸುಮ್ಮನೆ ಕೂತ. ತಡೆ ಎಂದರೆ ಅವನ ಕೋಟೆ ಹೋಗುತ್ತದೆ. ದಾಟಿಸಿದರೆ ಬಾವಿ ತೆರೆಯುತ್ತದೆ. ಎರಡನ್ನೂ ಮಾಡಲಿಲ್ಲ. ಚಹಾ ಕುಡಿದ, ಭಜಿ ತಿಂದ, ಮೊಬೈಲ್ ನೋಡಿದ. ಎಡಗೈಯಲ್ಲಿ ಹಣ್ಣು ಹಾಗೇ ಇತ್ತು. ನಾಲ್ಕಾಯಿತು, ನಾಲ್ಕೂವರೆ ಆಯಿತು. ಅವನು ಬರುವುದು ಬೈಕಿನಲ್ಲಿ. ತರನ್ನುಮಳ ಸಿಂದಗಿ ಬಸ್ಸು ಐದಕ್ಕೆ. ಅದು ತಪ್ಪಿದರೆ ಮುಂದಿನದು ಏಳಕ್ಕೆ, ಮುಟ್ಟುವಾಗ ರಾತ್ರಿಯಾಗುತ್ತದೆ. ಅವಳ ತಮ್ಮ ಸಾಹಿಲ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತಾನೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಅವಳು ಬ್ಯಾಗು ತಗೊಂಡಳು. ‘ರಾಜಶ್ರೀ, ಮುಂದಿನ ರವಿವಾರ ಇಲ್ಲಿಂದನ ಸುರು...’ ಅಷ್ಟರಲ್ಲೇ ನಾನು ಹದಿಮೂರನೆಯ ನಿಯಮ ಓದಿದೆ. ಒಬ್ಬರಿಗೆ ಒಂದು ವಿನಾಯಿತಿ ಕೊಟ್ಟರೆ ನಿಯಮ ಸತ್ತಂತೆ. ಅವಳು ನನ್ನನ್ನು ನೋಡಿದಳು, ಕಲ್ಮೇಶನ ಕೈ ನೋಡಿದಳು, ಮೆಟ್ಟಿಲಿಳಿದು ಹೋದಳು.

ಕಲ್ಮೇಶ ಹಣ್ಣನ್ನು ಮೇಜಿನ ಮೇಲಿಟ್ಟು, ‘ಹೇಳವಾ, ಏನಾತು?’ ಎಂದ. ಮಂತ್ರ ಮುರಿಯಿತು, ಅಷ್ಟೂ ಶಕ್ತಿ ಹಾಕಿದ್ದರಿಂದ ಮಂತ್ರಗಾರ್ತಿ ಸತ್ತಳು ಎಂದು ತೀರ್ಪು ಕೊಟ್ಟೆ. ಧ್ವನಿ ನಡುಗಲಿಲ್ಲ. ಸ್ನೇಹಿತೆ ಎಂದು ನಡುಗಿದರೆ ನನಗೂ ಊರಿನ ಗೌಡರಿಗೂ ಏನು ವ್ಯತ್ಯಾಸ?

ನವೆಂಬರ್ 10, ಸೋಮವಾರ

ತರನ್ನುಮ ವಾಟ್ಸಪ್ ಗುಂಪಿನಿಂದ ಹೊರಗೆ ಹೋಗಿದ್ದಾಳೆ. ಒಂದು ಶಬ್ದವನ್ನೂ ಬರೆದಿಲ್ಲ.

ನಿಯಮ ಎಲ್ಲರಿಗೂ ಒಂದೇ.

ನವೆಂಬರ್ 13, ಗುರುವಾರ

ಝೆರಾಕ್ಸ್ ಅಂಗಡಿಯಲ್ಲಿ ನನ್ನ ಪಾಳಿ ಮುಗಿಸಿ ಗುರಲಿಂಗಪ್ಪನವರ ಪ್ರೆಸ್ಸಿಗೆ ಹೋದೆ. ಪುಸ್ತಿಕೆಯ ಕರಡು ತಿದ್ದಿ ಇಟ್ಟಿದ್ದರು. ‘ತಂಗಿ, ಈ ಹದಿಮೂರನೇದು ಓದಿದೆ. ಅದರಾಗ ಒಂದು...’ ಎಂದರು. ಇದ್ದಂತೆ ಅಚ್ಚು ಹಾಕಿರಿ ಎಂದೆ. ಮದುವೆ ಪತ್ರಿಕೆ ಹಾಕುವವರಿಗೆ ನಿಯಮದ ಸೂಕ್ಷ್ಮ ಏನು ತಿಳಿಯುತ್ತದೆ. ಮುಂದಿನ ವಾರ ಮಷಿನ್ನಿಗೆ ಏರುತ್ತದಂತೆ.

ಸುನಂದಾ ಫೋನ್ ಮಾಡಿದ್ದಳು. ತರನ್ನುಮ ಬಸ್ಸಿನಲ್ಲಿ ಅಳುತ್ತ ಹೋದಳೆಂದು ಅವಳ ವಾದ. ಅಳು ಒಂದು ವಾದವಲ್ಲ ಎಂದೆ. ಅವಳು, ‘ನಿನ್ನ ಸಂಗಾಟ ಮಾತಾಡೂದಂದ್ರ ಹೊಳಿಯಾಗ ಕಲ್ಲು ಒಗದಂಗ’ ಎಂದು ಇಟ್ಟುಬಿಟ್ಟಳು.

ನವೆಂಬರ್ 16, ರವಿವಾರ

ಮೂವರೇ ಕೂತೆವು. ಸುನಂದಾ ತನ್ನ ಸರದಿ ಬಂದಾಗಲೆಲ್ಲ, ಕುದುರೆ ಮೇಯುತ್ತಿದೆ, ಮೇಯಲಿ ಎಂದು ದಾಟಿಸಿದಳು. ಎರಡು ಗಂಟೆಗೇ ಮುಗಿಸಿದೆವು.

ಕಲ್ಮೇಶ ಮಾತ್ರ ಖುಷಿಯಲ್ಲಿದ್ದ. ಹಣ್ಣು ಹಿಡಿದು ಕೂಡುವ ಯುಕ್ತಿ ಎಲ್ಲಿಂದ ಬಂತೆಂದು ತಾನಾಗಿ ಹೇಳಿದ. ಅವನಪ್ಪ ಮುದ್ದೇಬಿಹಾಳದಲ್ಲಿ ಅಡತಿ ವ್ಯಾಪಾರಿ. ‘ನಮ್ಮಪ್ಪ ದರಾ ಹೇಳಾಕ ಅವಸರ ಮಾಡೂದಿಲ್ಲ. ರೈತ ಬಾಡಿಗಿ ಟಂಟಂದಾಗ ತೊಗರಿ ತಂದಿರ್ತಾನ. ಟಂಟಂದಾಂವ ಹಾರ್ನ್ ಹೊಡಿಯೂ ತನಕ ನಮ್ಮಪ್ಪ ಚಾ ಕುಡಕೋತ ಕೂಡ್ತಾನ. ಆಮ್ಯಾಲ ರೈತನಽ ಕೇಳ್ತಾನ, ಎಷ್ಟರ ಕೊಡ್ರಿ ಅಂತ.’

ಅವನು ಹೆಮ್ಮೆಯಿಂದಲೇ ಹೇಳಿದ. ಸುನಂದಾ ನನ್ನ ಮುಖ ನೋಡಿದಳು. ನಾನು ಚಹಾ ಲೋಟಗಳನ್ನು ಕೆಳಗೆ ಒಯ್ದು ಕೊಟ್ಟೆ. ಇಂದುಬಾಯಿ, ‘ಸಿಂದಗಿ ಹುಡುಗಿ ಬರಲಿಲ್ಲೇನು?’ ಎಂದು ಕೇಳಿದರು. ಬರಲಿಲ್ಲ ಎಂದೆ.

ರೈತರ ಸುಲಿಗೆಯ ಪುಸ್ತಿಕೆ ಹುಡುಕಿ ಮತ್ತೆ ಓದಿದೆ. ಒಂಬತ್ತನೆಯ ಪುಟದಲ್ಲಿ ಕಾಯಿಸಿ ಕೊಳ್ಳುವುದರ ಬಗ್ಗೆ ಒಂದು ಪ್ಯಾರಾ ಇದೆ. ಅದರ ಕೆಳಗೆ ನಾನೇ ಹಿಂದೊಮ್ಮೆ ಕೆಂಪು ಗೆರೆ ಎಳೆದಿದ್ದೇನೆ.

ನವೆಂಬರ್ 19, ಬುಧವಾರ

ಅಂಗಡಿಗೆ ರಜೆ ಹಾಕಿ ಸಿಂದಗಿಗೆ ಹೋದೆ. ಹೇಳಬೇಕಾದ್ದನ್ನೆಲ್ಲ ಮೂರು ಹಾಳೆಯಲ್ಲಿ ಬರೆದುಕೊಂಡಿದ್ದೆ. ಮೊದಲ ಹಾಳೆ ನಿಯಮ ಯಾಕೆ ಬೇಕು ಎಂಬ ಬಗ್ಗೆ, ಎರಡನೆಯದು ನನ್ನ ತಪ್ಪು ಎಲ್ಲಿ, ಮೂರನೆಯದು ಅವಳ ಮಂತ್ರಗಾರ್ತಿಯನ್ನು ಬದುಕಿಸಲು ನಾನು ರಚಿಸಿದ ಹೊಸ ನಿಯಮ.

ತರನ್ನುಮ ಕೌಂಟರಿನಲ್ಲಿದ್ದಳು. ನನ್ನನ್ನು ನೋಡಿ, ಕೂಡು ಎಂಬಂತೆ ಸ್ಟೂಲು ತೋರಿಸಿದಳು. ಆಮೇಲೆ ಎರಡು ಗಂಟೆ ಅವಳಿಗೆ ಬಿಡುವಾಗಲಿಲ್ಲ. ಒಬ್ಬ ಮುದುಕಿಗೆ ಗುಳಿಗೆ ತಗೊಳ್ಳುವ ಕ್ರಮ ಹೇಳುತ್ತಿರುವಾಗ ಇನ್ನೊಬ್ಬ ಚೀಟಿ ಮುಂದೆ ಚಾಚುತ್ತಾನೆ. ‘ಊಟಾದ ಮ್ಯಾಲ ಒಂದು, ಮತ್ತ...’ ಅನ್ನುವಷ್ಟರಲ್ಲಿ ಮಾಲೀಕರು ಒಳಗಿನಿಂದ ಕೂಗುತ್ತಾರೆ. ಅವಳು ಪ್ರತಿ ಸಲ ನಿಲ್ಲಿಸಿ, ಬಂದದ್ದನ್ನು ಮುಗಿಸಿ, ಆ ಮುದುಕಿಗೆ ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ನಾಲ್ಕು ಸಲ ಎಣಿಸಿದೆ. ಐದನೆಯ ಸಲ ಮುದುಕಿ ಪೂರ್ತಿ ಕೇಳಿಸಿಕೊಂಡು ಹೋದಳು.

ಮೂರು ಹಾಳೆಗಳನ್ನು ಮಡಚಿ ಚೀಲದಲ್ಲೇ ಇಟ್ಟೆ. ಯಾಕೋ ಓದಬೇಕು ಅನ್ನಿಸಲಿಲ್ಲ. ಬಿಸಿಲಿಗೆ ತಲೆ ನೋಯುತ್ತಿತ್ತು.

ಮೂರಕ್ಕೆ ಅವಳು ಡಬ್ಬಿ ಬಿಚ್ಚಿ ನನ್ನ ಮುಂದೆಯೂ ಒಂದು ರೊಟ್ಟಿ ಇಟ್ಟಳು.

‘ನನ್ನ ಮಂತ್ರಗಾರ್ತಿನ್ನ ಬದುಕಸಾಕ ಬಂದಿಯೇನು?’

ನಾನು ತಲೆ ಆಡಿಸಿದೆ.

‘ಬ್ಯಾಡ. ಹೊಸಾ ನಿಯಮನೂ ಬ್ಯಾಡ. ಈಗ ಬದಲ ಮಾಡಿದ್ರ ತರನ್ನುಮ ಅತ್ತಳು, ಅದಕ ಮಾಡಿದ್ರು ಅಂತಾರ. ಅಂವ ಹಿಡಕೊಂಡಿದ್ದು ತಪ್ಪಲ್ಲ, ಹಿಡಕೊಳ್ಳಾಕ ಕೊಟ್ಟಾಕಿ ನೀನು. ಆದ್ರ ನಾ ಬಸ್ಸಿಗೆ ಎದ್ದೆ, ಆಟದಿಂದ ಎದ್ದಿಲ್ಲ. ನೀ ಎರಡೂ ಒಂದ ಮಾಡಿದಿ. ಅಷ್ಟ ತಪ್ಪು ನಿಂದು. ಹಣ್ಣು ಅವನ ಕೈಯಾಗಿತ್ತು. ಅಲ್ಲಿಂದ ಸುರು ಆಗಲಿ.’

ಅವನು ಮತ್ತೆ ಹಿಡಿದು ಕೂತರೆ ಬಸ್ಸಿಗೆ ಏನು ಮಾಡುತ್ತೀ ಎಂದು ಕೇಳಿದೆ. ಅದು ತನಗೆ ಬಿಟ್ಟದ್ದು ಎಂದಳು. ರೊಟ್ಟಿ ಮುರಿಯುತ್ತ ಮತ್ತೆ ಹೇಳಿದಳು. ‘ಈ ಸಲ ಮುಗೀಲಿಲ್ಲಂದ್ರ ನಾ ಮತ್ತ ಬರೂದಿಲ್ಲ. ಸಿಟ್ಟಿಲ್ಲ ನನಗ. ಪ್ರತಿ ರವಿವಾರ ಮನ್ಯಾಗ ಕೇಳಿ ಬರೂದು ಎಷ್ಟು ತ್ರಾಸ ಅಂತ ನಿಮಗ್ಯಾರಿಗೂ ಗೊತ್ತಿಲ್ಲ. ಬಂದು ಅರ್ಧಾ ಮಾತಾಡಿ ಹೋಗೂದಾದ್ರ, ಅರ್ಧಾ ಮಾತು ಇಲ್ಲೇ ದಿನಾ ಆಗತಾವ.’

ಅಷ್ಟರಲ್ಲಿ ಒಬ್ಬ ಚೀಟಿ ಹಿಡಿದು ಬಂದ. ಅವಳು ಕೈ ತೊಳೆದು ಎದ್ದಳು.

ನವೆಂಬರ್ 20, ಗುರುವಾರ

ಪ್ರೆಸ್ಸಿಗೆ ಹೋಗಿ ಅಚ್ಚು ನಿಲ್ಲಿಸಲು ಹೇಳಿದೆ. ಅಂದು ಏನು ಹೇಳಲು ಬಂದಿದ್ದಿರಿ ಎಂದು ಕೇಳಿದೆ. ಗುರಲಿಂಗಪ್ಪನವರು ಕನ್ನಡಕ ತೆಗೆದು, ‘ಏನಿಲ್ಲವಾ, ನನಗ ಶುಗರ್ ಐತಿ. ನೀರು ಬಿಡಾಕ ಎದ್ದಾಂವನೂ ಸಾಯ್ತಾನೇನು ನಿನ್ನ ಆಟದಾಗ?’ ಎಂದರು. ಒಂದು ತಾಸು ಅಲ್ಲೇ ಕೂತಿದ್ದೆ. ಅವರ ಹಳೆಯ ಮಷಿನ್ನಿನ ಕಥೆ ಉದ್ದವಿದೆ.

ನವೆಂಬರ್ 22, ಶನಿವಾರ

ಮುದ್ದೇಬಿಹಾಳಕ್ಕೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಕಲ್ಮೇಶ ತೊಗರಿ ಚೀಲಗಳ ನಡುವೆ ನಿಂತು ತೂಕ ಬರೆಸುತ್ತಿದ್ದ. ನನ್ನ ತೀರ್ಪನ್ನು ಹಿಂದೆ ತಗೊಳ್ಳುತ್ತೇನೆ ಎಂದೆ. ಅವನ ಮುಖ ಕೆಂಪಾಯಿತು.

‘ಇವತ್ತ ಒಂದು ಹಿಂದ ತಗೋತಿ, ನಾಳೆ ಇನ್ನೊಂದು. ನಿಯಮದ ಮುಂದ ಎಲ್ಲಾರೂ ಒಂದ ಅಂತ ಊರಿಗೆಲ್ಲಾ ಉಪದೇಶ ಮಾಡಾಕಿ ನೀನ. ಗೆದ್ದಾಂವ ವ್ಯಾಪಾರಿ ಮಗಾ ಅಂತ ನಿನಗ ಹೊಟ್ಟಿ ಉರಿ.’

ಇನ್ನೂ ಬಹಳ ಅಂದ. ನನ್ನ ಪುಸ್ತಿಕೆಗಳ ಬಗ್ಗೆ, ನನ್ನ ನಾಲಿಗೆಯ ಬಗ್ಗೆ, ಎಂಟನೆಯ ವಾರ ಅವನ ಸೇತುವೆಯ ಯೋಜನೆಯನ್ನು ಕೇಳದೆಯೇ ನಾನು ನಕ್ಕಿದ್ದರ ಬಗ್ಗೆ. ಸೇತುವೆ ನನಗೆ ನೆನಪೇ ಇರಲಿಲ್ಲ. ಅವನ ಮಾತು ಮುಗಿಯುವ ಹೊತ್ತಿಗೆ ಹಮಾಲರು ಎರಡು ಲಾರಿ ತುಂಬಿದ್ದರು. ಸೇತುವೆ ಎಲ್ಲಿ ಕಟ್ಟಬೇಕೆಂದಿದ್ದೆ ಎಂದು ಕೇಳಿದೆ. ಒಂದು ಖಾಲಿ ಚೀಲದ ಮೇಲೆ ಬೆರಳಿನಿಂದ ನಕ್ಷೆ ಬಿಡಿಸಿ ತೋರಿಸಿದ. ಒಳ್ಳೆಯ ಜಾಗವೇ.

ಕೊನೆಗೆ ಒಪ್ಪಿದ, ಒಂದು ಷರತ್ತಿನ ಮೇಲೆ. ಹಣ್ಣು ತನ್ನ ಕೈಯಿಂದಲೇ ಶುರುವಾಗಬೇಕು. ಎಷ್ಟು ಹೊತ್ತು ಹಿಡಿದರೂ ಯಾರೂ ಕೇಳುವಂತಿಲ್ಲ. ‘ಈ ಸಲ ಅಕಿ ಎದ್ಲಂದ್ರ ಮುಗೀತು. ಮತ್ತ ಹಿಂದ ತಗೊಳ್ಳಂಗಿಲ್ಲ.’

ತಗೊಳ್ಳುವುದಿಲ್ಲ ಎಂದೆ.

ನಾಳೆ ಅವರ ಮನೆಯಲ್ಲಿ ಕಾರ್ಯವಿದೆ. ಆಟ ಮೂವತ್ತಕ್ಕೆ.

ನವೆಂಬರ್ 27, ಗುರುವಾರ

ಅವನು ಹಿಡಿದೇ ಹಿಡಿಯುತ್ತಾನೆ. ಐದಕ್ಕೆ ಹತ್ತು ನಿಮಿಷ ಇರುವಾಗ ಅವಳು ಮತ್ತೆ ಬ್ಯಾಗು ತಗೊಳ್ಳುತ್ತಾಳೆ. ನಾನು ಏನೂ ಅನ್ನುವಂತಿಲ್ಲ, ಮಾತು ಕೊಟ್ಟಿದ್ದೇನೆ. ಎರಡು ದಿನದಿಂದ ಊಟ ರುಚಿಸುತ್ತಿಲ್ಲ. ಅವ್ವ, ‘ಯಾರ ಸತ್ತಾರ?’ ಎಂದು ಕೇಳಿದಳು. ಇನ್ನೂ ಯಾರೂ ಇಲ್ಲ ಎಂದೆ.

ನವೆಂಬರ್ 30, ರವಿವಾರ (ಬರೆದದ್ದು ಸೋಮವಾರ, ಬಸ್ಸಿನಲ್ಲಿ)

ತರನ್ನುಮಳನ್ನು ಸಾಹಿಲನೇ ಬೈಕಿನಲ್ಲಿ ಕರೆತಂದ. ಇಂದುಬಾಯಿಯವರ ಜೊತೆ ಅಡುಗೆಮನೆಯ ಬಾಗಿಲಲ್ಲಿ ಏನೋ ಮಾತಾಡಿ, ಅವಲಕ್ಕಿ ತಿಂದು, ತಿರುಗಿ ಹೋದ. ಅವಳ ಕೈಯಲ್ಲಿ ಎಂದಿನ ಬ್ಯಾಗಲ್ಲ, ಬಟ್ಟೆಯ ದೊಡ್ಡ ಚೀಲವಿತ್ತು. ನಾನು ಅದರ ಬಗ್ಗೆ ಯೋಚಿಸಲಿಲ್ಲ.

ಹನ್ನೆರಡಕ್ಕೆ ನಾನೇ ಹಣ್ಣನ್ನು ಕಲ್ಮೇಶನ ಎಡಗೈಯಲ್ಲಿಟ್ಟು, ಆಟ ಶುರು ಎಂದೆ. ಅವನು ಬೈಕಿನ ಕೀಲಿಯನ್ನು ಮೇಜಿನ ಮೇಲಿಟ್ಟು ಹಿಂದಕ್ಕೆ ಒರಗಿದ.

ಗಂಟೆ ಒಂದಾಯಿತು, ಎರಡಾಯಿತು. ಸುನಂದಾ ಉಗುರು ಕಡಿಯುತ್ತಿದ್ದಳು. ಕಲ್ಮೇಶ ಬಲಗೈಯಲ್ಲಿ ಊಟ ಮಾಡಿದ. ಅವನಪ್ಪ ಎರಡು ಸಲ ಫೋನ್ ಮಾಡಿದರು; ಬರ್ತೇನಿ, ಹತ್ತು ನಿಮಿಷ ಎಂದ. ಮೂರು. ಏನಾದರೂ ಹೇಳಬೇಕೆಂದು ನಾಲಿಗೆ ತುದಿಗೆ ಬರುತ್ತಿತ್ತು. ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ನಾಲ್ಕು. ನಾಲ್ಕೂಮುಕ್ಕಾಲಿಗೆ ಮೂವರೂ ಗೋಡೆಯ ಗಡಿಯಾರ ನೋಡಿದೆವು. ತರನ್ನುಮ ನೋಡಲಿಲ್ಲ.

ಐದಾಯಿತು. ಸಿಂದಗಿ ಬಸ್ಸು ಹೋಗಿರಬೇಕು. ಕಲ್ಮೇಶ ಹಣ್ಣನ್ನು ಬಿಗಿಯಾಗಿ ಹಿಡಿದು, ‘ಬಸ್ಸು?’ ಎಂದ.

ಅಷ್ಟರಲ್ಲಿ ಇಂದುಬಾಯಿ ಮೇಲೆ ಬಂದು ಕೋಣೆಯ ಮೂಲೆಯಲ್ಲಿ ಒಂದು ಗಾದಿ, ಒಂದು ಕೌದಿ ಇಟ್ಟರು. ‘ಸಿಂದಗಿ ಹುಡುಗಿ ಇವತ್ತ ಇಲ್ಲೇ ಮಲಗತಾಳ. ಅವರ ಮನಿಯವರು ನನಗ ಕೇಳ್ಯಾರ, ನಾ ಹೂಂ ಅಂದೇನಿ. ನೀವು ನಿಮ್ಮ ಲಿಂಬಿಹಣ್ಣು ಮುಂಜಾನಿ ತನಕ ಹಿಡಕೊಳ್ರಿ.’

ಕಲ್ಮೇಶ ಗಾದಿಯನ್ನು ನೋಡಿದ. ತಡೆ ಎನ್ನುತ್ತಾನೆ ಎಂದು ಕಾದೆ. ಕೋಟೆ ಹೋದರೂ ಎನ್ನುವ ಛಲ ಅವನಿಗಿದೆ. ಆದರೆ ಎನ್ನಲಿಲ್ಲ. ಆರು ದಾಟಿತು. ನನ್ನ ಬಸ್ಸು ಆರೂವರೆಗೆ. ಏಳಬೇಕಿತ್ತು, ಏಳಲಿಲ್ಲ. ಆಟ ನಡೆಸುವವಳು ಎದ್ದರೆ ಏನಾಗುತ್ತದೆಂದು ನಾನು ಬರೆದೇ ಇಲ್ಲ.

‘ಅದು ಹೋಗಲಿ,’ ಕಲ್ಮೇಶ ತರನ್ನುಮಳನ್ನು ಕೇಳಿದ, ‘ಹನ್ನೆರಡು ವಾರ ಆತು. ಏನೈತಿ ಆ ಬಾವ್ಯಾಗ?’

‘ನೀನಽ ಮುಚ್ಚಿಸಿದಾಂವ. ನಿನಗ ಗೊತ್ತಿಲ್ಲೇನು?’

‘ನೀರು ಐತಿ ಅಂತ ಮುಚ್ಚಿಸಿದೆ. ನೀ ಇಷ್ಟು ಹಟಾ ಹಿಡದೀ ಅಂದ್ರ ನೀರಷ್ಟ ಇರಾಕಿಲ್ಲ.’

‘ಇಷ್ಟ ದಿನ ಯಾರೂ ಕೇಳಲಿಲ್ಲ.’

‘ಈಗ ಕೇಳಾಕತ್ತೇನಲ್ಲ.’

‘ಹಣ್ಣು ಕೊಡು. ಹೇಳ್ತೇನಿ.’

ಆರು ತಾಸು ಹಿಡಿದ ಹಣ್ಣು ಮೆತ್ತಗಾಗಿತ್ತು. ಕಲ್ಮೇಶ ಅದನ್ನು ಒಮ್ಮೆ ಮೂಸಿ ನೋಡಿ ಅವಳ ಅಂಗೈಯಲ್ಲಿಟ್ಟ. ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ನಂದೇ ಇರಬೇಕು.

ತರನ್ನುಮ ಮೂರನೆಯ ಭಾಗ ಶುರು ಮಾಡಿದಳು. ಕೈಯಲ್ಲಿ ಕಾಗದವಿರಲಿಲ್ಲ. ಅದು ಹೆಸರುಗಳು. ಆ ಬಾವಿಯ ನೀರು ಕುಡಿದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದಳು. ಯಾವುದನ್ನೂ ಅವಳು ಹೊಸದಾಗಿ ಹುಟ್ಟಿಸಿರಲಿಲ್ಲ. ಸುನಂದಾಳ ಕುದುರೆಗೆ ಲಾಳ ಹೊಡೆದವನು. ಮೂರನೆಯ ವಾರ ನಾನು ಬಾಯಿಗೆ ಬಂದಂತೆ ಹೆಸರಿಟ್ಟು ಮರೆತುಬಿಟ್ಟ ನೀರು ಹೊರುವವಳು, ಅವಳ ಕುಂಟ ಎತ್ತು. ಐದನೆಯ ವಾರ ಸಂತೆಯಲ್ಲಿ ಒಂದೇ ಮಾತಾಡಿ ಹೋದ ಬಳೆಗಾರ. ಪ್ರತಿ ಹೆಸರಿನ ನಂತರ, ಆ ಕಡೆಯಿಂದ ಓ ಅನ್ನಲಿ ಎಂಬಂತೆ ಸ್ವಲ್ಪ ನಿಲ್ಲುತ್ತಿದ್ದಳು. ಆ ನಿಲುಗಡೆಯಲ್ಲಿ ಯಾರೂ ಮಾತಾಡಲಿಲ್ಲ. ಕೊನೆಯದು ದಳಪತಿಯ ತಾಯಿ. ಒಂದು ಸಲ ಭಜಿ ತಿನ್ನುತ್ತ ಕಲ್ಮೇಶ ಅವಳ ಹೆಸರು ಹೇಳಿದ್ದನಂತೆ. ಅವನು ಕೀಲಿಯನ್ನು ಜೇಬಿಗೆ ಹಾಕಿ ತಲೆ ತಗ್ಗಿಸಿ ಕೂತ.

ನಾನು ಎಣಿಸಿದ್ದು ಮೂವತ್ತೊಂದು ಹೆಸರು. ನನಗೆ ನೆನಪಿದ್ದದ್ದು ಏಳು.

ಅವಳು ಮುಗಿಸಿದಳು. ಸುನಂದಾ ನನ್ನ ತೋಳು ಹಿಡಿದು ಅಲುಗಿಸಿ, ‘ಹೇಳಽ ಏನಾತು?’ ಎಂದಳು. ಹೇಳಬೇಕಾದವಳು ನಾನೇ. ಬಾವಿ ತೆರೆದರೆ ನೀರು ಎಷ್ಟು ಗಜ ಏರುತ್ತದೆ, ಕೋಟೆಯ ಯಾವ ಗೋಡೆ ಬೀಳುತ್ತದೆ ಎಂದು ಒಂದು ಪುಟ ಬರೆದು ತಂದಿದ್ದೆ. ಅದನ್ನು ತೆಗೆದು ನೋಡಿದೆ. ಅದರಲ್ಲಿ ಜನರೇ ಇರಲಿಲ್ಲ. ಇಷ್ಟು ಜನರನ್ನು ಕರೆದ ಮೇಲೆ ಬರೀ ನೀರು ಮೇಲೆ ಬಂದರೆ ಸಾಲದು. ಹಾಳೆಯನ್ನು ಬೋರಲಾಗಿ ಇಟ್ಟೆ. ಮೂವರೂ ಕಾಯುತ್ತಿದ್ದರು.

ತರನ್ನುಮ ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು.

‘ಸಾವಕಾಶ ಹೇಳು,’ ಎಂದಳು. ‘ಮುಂಜಾನಿ ಬಸ್ಸು ಎಂಟಕ್ಕೈತಿ.’